ಒಂದೇ ಏಟಿಗೆ ಎರಡು ಹೋಳು

ಕೆಲವರಿಗೆ ಹಾಡಾಕ ಬರ್ತದ, ಕೆಲವರಿಗೆ ಈಜಾಕ ಬರ್ತದ. ಕಮಲಾಪುರದ ಭಾಗಪ್ಪಗ ತೆಂಗಿನಕಾಯಿ ಒಡೆಯಾಕ ಬರ್ತಿತ್ತು.

ಇದೇನು ದೊಡ್ಡ ವಿದ್ಯಾನಾ ಅಂತ ನಗಬ್ಯಾಡ್ರಿ. ಊರಾಗ ಕಾಯಿ ಒಡೆಯೋರು ನೂರು ಮಂದಿ ಅದಾರ. ಒಬ್ಬರದು ನಾಲ್ಕು ಚೂರು, ಒಬ್ಬರದು ನೀರೆಲ್ಲ ಅಂಗಿ ಮ್ಯಾಲ, ಇನ್ನೊಬ್ಬರು ಎಂಟು ಏಟು ಹಾಕಿ ಕಡೀಕ ಕೈ ನೋಯಿಸಿಕೊಂಡು ಕೂಡ್ತಾರ. ಭಾಗಪ್ಪನದು ಒಂದೇ ಏಟು, ಎರಡು ಹೋಳು, ಕೂದಲೆಳಿ ಫರಕಿಲ್ಲ. ಬೋರ್‌ವೆಲ್ ಹಾಕ್ಸೋರು, ಹೊಸ ಟ್ರ್ಯಾಕ್ಟರ್ ತಂದೋರು, ಅಂಗಡಿ ತೆಗೆಯೋರು ಎಲ್ಲಾರೂ "ಭಾಗಪ್ಪಣ್ಣಾ, ನಿಮ್ಮ ಕೈಯಿಂದನೇ ಆಗ್ಲಿರಿ" ಅಂತಿದ್ರು. ಆತನೂ ತೋಳು ಮಡಚಿ, ಗಂಟಲು ಸರಿಮಾಡಿಕೊಂಡು, ಶಸ್ತ್ರಚಿಕಿತ್ಸೆ ಮಾಡೋ ದೊಡ್ಡ ಡಾಕ್ಟರ್ ಹಂಗ ಕಾಯಿಯ ಮೂರು ಕಣ್ಣು ಪರೀಕ್ಷಾ ಮಾಡ್ತಿದ್ದ. ಹೆಂಡ್ತಿ ರೇವಮ್ಮ ಒಬ್ಬಾಕಿನೇ, "ನಿಮ್ಮ ಕೈಗುಣ ಕಾಯಿಗಷ್ಟೇ ಅದ, ಪ್ರಮೋಷನ್‌ಗ ಇಲ್ಲ" ಅಂತ ಮೂಗು ಮುರೀತಿದ್ಳು.

ಆಕಿ ಸಿಟ್ಟಿಗೂ ಕಾರಣ ಇತ್ತು. ಭಾಗಪ್ಪ ಕಮಲಾಪುರದ ಒಂದು ಸರಕಾರಿ ಕಚೇರ್‍ಯಾಗ ಗುಮಾಸ್ತ. ಇಲಾಖೆ ಹೆಸರು ನಾ ಹೇಳಂಗಿಲ್ಲ, ನನ್ನ ಷಡ್ಡಕ ಅಲ್ಲೇ ನೌಕರಿ ಮಾಡ್ತಾನ. ಆಟದ ಸಾಮಾನು ಹಂಚೋ ಇಲಾಖೆ ಅಂದ್ರ ಸಾಕು. ಹನ್ನೊಂದು ವರ್ಷದಿಂದ ಆತ ಅಲ್ಲಿ ಚೆಂಡು, ಬಲೆ, ಹಗ್ಗ ಕಾಯ್ಕೊಂಡು ಕುಂತಿದ್ದ. ಈ ವರ್ಷ ಕಡೀಕೂ ಬಡ್ತಿ ಪಟ್ಟ್ಯಾಗ ಹೆಸರು ಬಂದಿತ್ತು. ದೀಪಾವಳಿ ಆದಮ್ಯಾಲ ಕಲಬುರಗಿಗೆ ವರ್ಗ. ನಡುವ ಒಂದೇ ಒಂದು ಸಾಮಾನು ತಪಾಸಣೆ, ಅದು ಸುಸೂತ್ರ ಆದ್ರ ಮುಗೀತು.

ರೇವಮ್ಮ ಆರ್ಡರ್ ಬರೋತನಕ ಕಾಯೋ ಪೈಕಿ ಅಲ್ಲ. ಸೂಪರ್ ಮಾರ್ಕೆಟ್‌ಗೆ ನಡ್ಕೊಂಡು ಹೋಗೋವಷ್ಟು ಹತ್ತರ ಕಲಬುರಗ್ಯಾಗ ಒಂದು ಬಾಡಿಗಿ ಮನಿ ನೋಡಿ, ಕಿಡಕಿ ಅಳತಿ ತಗೊಂಡು, ನವಿಲಿನ ಚಿತ್ರ ಇರೋ ಹಸಿರು ಪರದೆ ಖರೀದಿ ಮಾಡಿ ಟ್ರಂಕಿನಾಗ ಇಟ್ಟಿದ್ಳು. ಮಗಳು ಸುಷ್ಮಿತಾ ಕಲಬುರಗಿ ಹಾಸ್ಟೆಲ್‌ನಾಗ ಮೂರು ವರ್ಷದಿಂದ ನೀರು ಬ್ಯಾಳಿ ಕುಡಿದು ಸೊರಗ್ಯಾಳ, ಇನ್ನ ಮೂರೂ ಮಂದಿ ಒಂದೇ ಮನ್ಯಾಗ ಕುಂತು ರೊಟ್ಟಿ ತಿನ್ನಬೇಕು, ಇಷ್ಟೇ ಆಕಿ ಆಸೆ. ಐತವಾರಕ್ಕೊಮ್ಮೆ ಪರದೆ ಹೊರಗ ತೆಗದು, ಝಾಡಿಸಿ, ಮಡಚಿ ಮತ್ತ ಒಳಗಿಡ್ತಿದ್ಳು.

ಅಂಥಾದ್ರಾಗ ಕಚೇರಿಗೆ ಆ ಬೋರ್ಡು ಬಂತು.

"ತಾಲೂಕಿಗೊಂದು ಜಲಕ್ರೀಡೆ" ಅಂತ ಯೋಜನೆ. ಲಾರಿಯಿಂದ ಇಳಿದದ್ದು ಬೆಳ್ಳಗ, ನುಣ್ಣಗ, ಆಳಿಗಿಂತ ಉದ್ದ, ಎರಡೂ ತುದಿ ಚೂಪು. ಇಸ್ತ್ರಿ ಟೇಬಲ್ ಅಂತ ಒಬ್ಬ, ಹೆಲಿಕಾಪ್ಟರ್ ರೆಕ್ಕಿ ಅಂತ ಇನ್ನೊಬ್ಬ. ತಾಲೂಕಿನ ಅಧಿಕಾರಿ ಮಾಣಿಕಪ್ಪ ಸಾಹೇಬ್ರು ಕಾಗದ ಪೂರ್ತಿ ಓದೋ ಅಪರೂಪದ ಮನುಷ್ಯ. ಚಸ್ಮಾ ಏರಿಸಿ ಓದಿ ಹೇಳಿದ್ರು: "ಸರ್ಫ್ ಬೋರ್ಡು. ಕನ್ನಡದಾಗ ಅಲೆ ಹಲಗೆ. ಸಮುದ್ರದಾಗ ಅಲೆ ಬಂದಾಗ ಇದರ ಮ್ಯಾಲ ನಿಂತು ಜಾರೋದು."

"ಸಾಹೇಬ್ರ, ಕಮಲಾಪುರಕ್ಕ ಸಮುದ್ರ ಯಾವಾಗ ಬರ್ತದ್ರಿ?"

"ಅದು ಎರಡನೇ ಹಂತ ಇರಬೇಕು ಭಾಗಪ್ಪ. ಮೊದಲು ಸಹಿ ಮಾಡಿ ಒಳಗಿಡು."

ಭಾಗಪ್ಪ ಸಹಿ ಮಾಡಿದ, ಒಳಗಿಟ್ಟ. ಅಲ್ಲೇ ಇದ್ದಿದ್ರ ಈ ಕಥಿನೇ ಇರ್ತಿರಲಿಲ್ಲ. ಆದ್ರ ದಸರಾ ಬಂತು, ಖಂಡೆ ಪೂಜಿ ಬಂತು. ಆಯುಧ ಪೂಜಿ ದಿನ ನಮ್ಮ ಕಚೇರಿಗಳ ಭಕ್ತಿ ನೀವು ನೋಡಬೇಕು. ವರ್ಷಪೂರ್ತಿ ಕೈ ಹಚ್ಚದ ಕಂಪ್ಯೂಟರಿಗೂ ವಿಭೂತಿ, ಕೆಟ್ಟು ಕುಂತ ಪ್ರಿಂಟರಿಗೂ ಚೆಂಡು ಹೂವಿನ ಮಾಲಿ. ಬೋರ್ಡನ್ನ ಎರಡು ಕುರ್ಚಿ ಮ್ಯಾಲ ಅಡ್ಡ ಮಲಗಿಸಿ, ಅದರ ಮ್ಯಾಲ ಸ್ಟ್ಯಾಪ್ಲರ್, ಬ್ಯಾಟು, ಸೀಟಿ ಎಲ್ಲಾ ಜೋಡಿಸಿ, ಕುಂಕುಮ ಹಚ್ಚಿ, ಊದುಬತ್ತಿ ಚುಚ್ಚಿದ ಬಾಳಿಹಣ್ಣು ಇಟ್ರು. ಮಾಣಿಕಪ್ಪ ಸಾಹೇಬ್ರ ಮನ್ಯಾಗ ಬುದ್ಧವಂದನೆ ಬಿಟ್ರ ಬ್ಯಾರೆ ಪೂಜಿ ಇಲ್ಲ. ಪೇಢೆಗೆ ತಕರಾರಿಲ್ಲ ಅಂತ ಬಾಗಿಲದಾಗ ನಿಂತಿದ್ರು.

ಭಾಗಪ್ಪ ತೋಳು ಮಡಚಿದ. "ಕಲ್ಲು ಎಲ್ಲದ?"

"ಹೊರಗ ಅದ, ಹೋಗಿ ಒಡೀ," ಅಂದ್ರು ಮಾಣಿಕಪ್ಪ.

"ಕಲ್ಲು ಯಾಕ್ರಿ ಸಾಹೇಬ್ರ? ಸಮುದ್ರದ ಹೊಡೆತಾನೇ ತಡ್ಕೋಳೋ ಹಲಗಿ ಇದು. ಕಾಯಿ ಹೊಡೆತ ತಡ್ಕೋಳಂಗಿಲ್ಲೇನ್ರಿ?"

"ಭಾಗಪ್ಪ, ಅದರ ಮಾಹಿತಿ ಪುಸ್ತಕ ಅದ. ಮೊದಲು ಜರಾ ಓದು."

"ಓದಿ ಕಾಯಿ ಒಡೆಯೋ ಮಂದಿ ಅಲ್ರಿ ನಾವು" ಅಂದವನೇ ಕೈ ಎತ್ತಿ ಬಿಟ್ಟ.

'ಠಣ್' ಅನ್ನಬೇಕಾದಲ್ಲಿ 'ಪಚ್' ಅಂತು. ಹುಟ್ಟಿದಾಗಿಂದ ಮೊದಲ ಸಲ ಭಾಗಪ್ಪನ ಕೈಯಾಗಿನ ಕಾಯಿ ಒಡೀಲಿಲ್ಲ. ಜುಟ್ಟು ಸಮೇತ ಅರ್ಧಮಟ ಬೋರ್ಡಿನೊಳಗ ಇಳದು, ಗೂಡಿನಾಗಿನ ಮೊಟ್ಟಿ ಹಂಗ ಆರಾಮ ಕುಂತಿತ್ತು. ಮೂರು ಮಂದಿ ಹಿಡಿದು ಕಿತ್ತಿದ್ರು. ಒಳಗ ಬಿಳೀ ಥರ್ಮಾಕೋಲ್ ಹಂಥಾದ್ದು ಕಂಡಿತು. ಕುಂಕುಮ ಒಳಗೆಲ್ಲ ಇಳಿದದ್ದು ನೋಡಿ ಭಾಗಪ್ಪ ಗಾಬರಿಬಿದ್ದು ಒಂದು ಬಕೀಟು ನೀರು ಸುರುವಿ ತೊಳೆದ. ಕುಂಕುಮ ಹೋಗಲಿಲ್ಲ, ನೀರು ಒಳಗ ಹೋತು.

"ಪೇಢೆ ಬ್ಯಾಡಪ್ಪ ನನಗ" ಅಂತ ಮಾಣಿಕಪ್ಪ ಸಾಹೇಬ್ರು ತಮ್ಮ ಖೋಲಿಗೆ ಹೋದ್ರು.

ಬೋರ್ಡು ತೂತು ಕೆಳಗ ಮಾಡಿಕೊಂಡು ಮೂಲ್ಯಾಗ ಬಿತ್ತು. ವಾರ ಆದಮ್ಯಾಲ, ಬುಧವಾರ ಸಂಜಿ ಬೆಂಗಳೂರಿನ ಕಾಗದ ಬಂತು: ಜಂಟಿ ನಿರ್ದೇಶಕರು ಸೋಮವಾರ ಖುದ್ದು ಬಂದು ಅಲೆ ಹಲಗೆಯ ಸ್ಥಿತಿ ಪರಿಶೀಲಿಸುವರು, ಹಾನಿಯಾಗಿದ್ದಲ್ಲಿ ಸಂಬಂಧಪಟ್ಟವರ ಬಡ್ತಿ ತಡೆಹಿಡಿಯಲಾಗುವುದು.

ರೇವಮ್ಮ ಕಾಗದ ಎರಡು ಸಲ ಓದಿಸಿ ಕೇಳಿದ್ಳು. ಆಮ್ಯಾಲ ಟ್ರಂಕಿನ ಮ್ಯಾಲ ಹೋಗಿ ಕುಂತ್ಳು. "ನನ್ನ ಪರದೆ ಈ ಟ್ರಂಕಿನಾಗೇ ಹುಳ ತಿಂದ್ರ, ನಿಮ್ಮ ಕೈಯಾಗ ಇನ್ನ ಕಾಯಿ ಅಲ್ಲ, ಕಲ್ಲು ಕೊಡ್ತೀನಿ ನೋಡ್ರಿ." ಹೇಳುವಾಗ ಆಕಿ ಕಣ್ಣಾಗ ನೀರಿತ್ತು. ಭಾಗಪ್ಪಗ ಬೈದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಮಗಳಿಗೆ ಫೋನ್ ಹಚ್ಚಿದ್ರು. ಸುಷ್ಮಿತಾಳ ಗೆಳತಿ ಬುಶ್ರಾಳ ಅಪ್ಪ ಶಬ್ಬೀರ್ ಸಾಬ್ರು ಕಲಬುರಗ್ಯಾಗ ಫೈಬರ್ ಕೆಲಸ ಮಾಡ್ತಾರ, ಒಡೆದ ಬಂಪರ್ ಜೋಡಿಸೋದ್ರಾಗ ಎತ್ತಿದ ಕೈ, ಅಂತ ಗೊತ್ತಾತು. ಭಾಗಪ್ಪ ರಾತ್ರೋರಾತ್ರಿ ಬೋರ್ಡು ಮನಿಗೆ ತಂದ. ಗುರುವಾರ ಮುಂಜಾನೆ ರೇವಮ್ಮ ಯಾರ ಕಣ್ಣಿಗೂ ಬೀಳಬಾರದು ಅಂತ ಬೋರ್ಡಿಗೆ ತನ್ನ ಬಿಳೀ ಚಾದರ ಸುತ್ತಿ, ಮೂರು ಕಡಿ ಹಗ್ಗ ಬಿಗಿದ್ಳು. ಟಂಟಂ ಗಾಡ್ಯಾಗ ಅಡ್ಡ ಮಲಗಿಸಿದ್ರು. ಬೀಳದಂಗ ಭಾಗಪ್ಪ ಪಕ್ಕದಾಗ ಕುಂತು ಅದರ ಮ್ಯಾಲ ಕೈ ಇಟ್ಟ. ಮುಖದ ಮ್ಯಾಲ ದುಃಖ ಅಂತೂ ತಾನಾಗೇ ಇತ್ತು.

ಯಾರ ಕಣ್ಣಿಗೂ ಬೀಳಬಾರದು ಅಂದ್ರ ಹಂಗ ಸುತ್ತಬಾರದು ನೋಡ್ರಿ. ಸೂಪರ್ ಮಾರ್ಕೆಟ್‌ನಾಗ ಅಂದ್ರ ಕಲಬುರಗಿ ದೊಡ್ಡ ಪೇಟ್ಯಾಗ, ಆಂಬುಲೆನ್ಸಿಗೂ ದಾರಿ ಬಿಡದ ಆಟೋಗಳು ಎರಡೂ ಕಡಿ ಸರದು ನಿಂತವು. ಬಂಗಾರದಂಗಡಿ ಸೇಠ್ ಚಪ್ಪಲಿ ಬಿಟ್ಟು ಕೈ ಮುಗಿದ. ಟ್ರಾಫಿಕ್ ಪೊಲೀಸ್ ಟೋಪಿ ತೆಗದು ಎದಿಗೆ ಇಟ್ಕೊಂಡ. ಒಬ್ಬ ಮುದುಕ ಮುಂದ ಬಂದು ಮೆತ್ತಗ ಕೇಳಿದ: "ಯಾರು ಯಪ್ಪಾ?"

"ಸರಕಾರದ್ದು ರೀ" ಅಂದ ಭಾಗಪ್ಪ.

"ಸರಕಾರಿ ನೌಕರ ಪಾಪ" ಅಂತ ಮುದುಕ ಒಂದು ಗುಲಾಬಿ ಇಟ್ಟ.

ಆ ಗದ್ದಲದಾಗ ಕಮಲಾಪುರದ ಶಂಕ್ರಮ್ಮನ ಅಳಿಯ ಇದ್ದ. ಆತಗ ಗಾಡ್ಯಾಗ ಕುಂತಾವ ಕಾಣಲಿಲ್ಲ, 'ಭಾಗಪ್ಪನ ಮನಿಯಿಂದ' ಅಂತ ಡ್ರೈವರ್ ಅಂದಷ್ಟೇ ಕಿವಿಗೆ ಬಿತ್ತು. ಶಂಕ್ರಮ್ಮಗ ಫೋನ್ ಮಾಡಿದ: ಭಾಗಪ್ಪನ ಮನ್ಯಾಗಿಂದ ಹೆಣ ಹೊಂಟದ, ಯಾರದು ತಿಳೀಲಿಲ್ಲ. ಶಂಕ್ರಮ್ಮ ರೇವಮ್ಮನ ಮಗ್ಗಲ ಮನಿಯಾಕಿ. ಮುಂಜಾನಿಂದ ಭಾಗಪ್ಪನ್ನ ನೋಡಿಲ್ಲ ಅನ್ನೋದು ನೆನಪಾಗಿ, ಎದಿ ಬಡ್ಕೊಂಡು ಓಡಿ ಬಂದ್ಳು. ರೇವಮ್ಮ ಕಟ್ಟಿ ಮ್ಯಾಲ ಕುಂತು ಕಾಯಿಪಲ್ಯ ಹೆಚ್ಚಾಕತ್ತಿದ್ಳು.

"ಯವ್ವಾ ರೇವವ್ವಾ! ಇದೇನಾತವ್ವಾ! ನನಗೊಂದು ಮಾತು ಹೇಳಬಾರದೇನ?"

ಗುಟ್ಟು ರಟ್ಟಾತು ಅಂತ ರೇವಮ್ಮ ನಿಟ್ಟುಸಿರುಬಿಟ್ಳು. "ಏನು ಹೇಳ್ಲಿ ಅಕ್ಕಾ. ಒಂದು ವಾರ ಆತು, ನಡಾ ತೂತಾಗಿ ಮೂಲ್ಯಾಗ ಬಿದ್ದಿತ್ತು. ಒಳಗ ನೀರು ಬ್ಯಾರೆ ತುಂಬಿತ್ತು. ಸುತ್ತಿ ಕಳಿಸೀನಿ. ಛಲೋ ಆದ್ರ ಆತು, ಇಲ್ಲಂದ್ರ ಸರಕಾರದವರು ಇನ್ನೊಂದು ಕೊಡ್ತಾರ."

ಶಂಕ್ರಮ್ಮ ಅಲ್ಲೇ ಕುಸಿದ್ಳು. ಆಕಿಗೆ ನೀರು ಚಿಮುಕಿಸಿ ವಿಷಯ ತಿಳಿಸೋದ್ರಾಗ ಓಣಿ ಪೂರಾ ನೆರೆದಿತ್ತು. ಒಬ್ಬ ಊರ ಮುಂದಿನ ಫ್ಲೆಕ್ಸ್ ಅಂಗಡಿಗೆ ಭಾಗಪ್ಪನ ಫೋಟೋ ಕೊಟ್ಟೂ ಬಂದಿದ್ದ.

ಇತ್ತ ಕಲಬುರಗ್ಯಾಗ ಶಬ್ಬೀರ್ ಸಾಬ್ರು ಬೋರ್ಡಿನ ತೂತಿನಾಗ ಬೆರಳು ಆಡಿಸಿ ನಕ್ರು. "ಅರೇ ಭಾಗಪ್ಪ ಭಾಯ್, ಬಸ್ಸಿನ ಬಂಪರ್ ಜೋಡಿಸೀನಿ, ನೀರಿನ ಟಾಕಿ ಜೋಡಿಸೀನಿ. ಯೇ ಕ್ಯಾ ಚೀಜ್ ಹೈ? ಚಾ ಹೇಳ್ರಿ, ಚಾ ಕುಡಿಯೋದ್ರಾಗ ಹೋಗ್ತದ." ಡಬ್ಬಿಯಿಂದ ಬಂಪರಿಗೆ ಹಾಕೋ ರಾಳ ತಗೊಂಡು, ಗಟ್ಟಿ ಮಾಡೋ ಔಷಧ ನಾಕು ಹನಿ ಬೆರೆಸಿ ತೂತಿಗೆ ಸುರಿದ್ರು.

ಬೋರ್ಡು 'ಚುರ್‍ರ್' ಅಂತು. ಭಾಗಪ್ಪ ಕಣ್ಣು ಬಿಟ್ಕೊಂಡು ನೋಡಿದ. ಕಾಯಿಯಷ್ಟಿದ್ದ ತೂತು ತಾಟಿನಷ್ಟಾತು. ಚಾ ಬರೋದ್ರಾಗ ಹಿಟ್ಟು ನಾದೋ ಪರಾತಿನಷ್ಟಾತು. ಒಳಗಿನ ಬಿಳೀದೆಲ್ಲ ಬಿಸಿ ರೊಟ್ಟಿ ಮ್ಯಾಲಿನ ಬೆಣ್ಣಿ ಹಂಗ ಇಳದು ಹೋತು. ಚಾ ಕುಡಿಯೋದ್ರಾಗ ಹೋಗ್ತದ ಅಂದಿದ್ರು, ಖರೇನೇ ಹೋತು.

ಮಾಳಿಗಿಂದ ಬುಶ್ರಾ ಇಳದು ಬಂದ್ಳು. "ಅಬ್ಬಾ! ಥರ್ಮಾಕೋಲ್ ಕು ಯೇ ಲಗಾತೇ ಕ್ಯಾ?" ಅಂತ ಅಪ್ಪನ್ನ ಕೇಳಿ ಹಣಿ ಬಡ್ಕೊಂಡು, ಭಾಗಪ್ಪನ ಕಡಿ ತಿರುಗಿದ್ಳು. "ಅಂಕಲ್, ಬಂಪರಿನ ರಾಳ ಈ ಜಾತಿ ಥರ್ಮಾಕೋಲ್ ತಿಂದುಬಿಡ್ತದ. ಇದಕ್ಕ ಇಪಾಕ್ಸಿ ಅನ್ನೋ ಬ್ಯಾರೆ ರಾಳನೇ ಬೇಕು. ನನ್ನ ಹತ್ರ ಅದ."

ಬುಶ್ರಾ ಇಪಾಕ್ಸಿಯೊಳಗ ಗುಲಾಬಿ ಎಸಳು ಕೂಡ್ರಿಸಿ ಕಿವಿಯೋಲೆ, ಕೀಲಿಗೊಂಚಲು ಮಾಡಿ ಮಾರೋ ಹುಡುಗಿ. ಮೂವತ್ತು ವರ್ಷ ಬಂಪರ್ ಜೋಡಿಸಿದ ಶಬ್ಬೀರ್ ಸಾಬ್ರು, "ಕಿವಿಯೋಲೆ ಔಷಧದಿಂದ ಹಡಗು ರಿಪೇರಿ!" ಅಂತ ಗೊಣಗಿ, ಆದ್ರೂ ಆಕಿ ಹೇಳಿದ್ದು ಕೇಳಿದ್ರು. ಗಂಡಸಿನ ಶಾಣ್ಯಾತನ ಸೋತಲ್ಲೇ ನೋಡ್ರಿ ಕೆಲಸ ಸುರು ಆಗೂದು.

"ಮೊದಲು ಇದು ಒಣಗಬೇಕು. ಒಳಗ ನೀರಿದ್ರ ಏನೂ ಹತ್ತಂಗಿಲ್ಲ" ಅಂದ್ಳು ಬುಶ್ರಾ. ಎರಡು ದಿನ ಬೋರ್ಡು ಮಾಳಿಗಿ ಮ್ಯಾಲ, ಮೆಣಸಿನಕಾಯಿ ಮಗ್ಗಲ, ಕಲಬುರಗಿ ಬಿಸಲು ಕಾಯ್ಕೊಂಡು ಮಲಗಿತ್ತು. ಶನಿವಾರ ತೂತಿನ ಅಂಚು ಕತ್ತರಿಸಿ ಚೊಕ್ಕ ಮಾಡಿದ್ರು. ಒಳಗ ತುಂಬಾಕ ದೊಡ್ಡ ಥರ್ಮಾಕೋಲ್ ತುಂಡು ಬೇಕಾತು. ಮಗ್ಗಲ ಮದಿವಿ ಮಂಟಪ ಶೃಂಗಾರ ಮಾಡೋ ಝಹೀರ್, ಯಾರದೋ ಮದಿವ್ಯಾಗ ಉಳಿದ ಹೃದಯ ತಂದುಕೊಟ್ಟ. ಅದರ ಮ್ಯಾಲ ಕೆಂಪು ಬಣ್ಣದಾಗ 'ಸಪ್ನಾ–ಕಪಿಲ' ಅಂತ ಬರೆದಿತ್ತು. ತೂತಿನ ಅಳತಿಗೆ ಕೊಯ್ದಾಗ ಕಪಿಲ ಹೊರಗುಳಿದ, ಸಪ್ನಾ ಒಳಗ ಹೋದ್ಳು.

ಬುಶ್ರಾ ಎರಡು ಪಾಲು ರಾಳಕ್ಕ ಒಂದು ಪಾಲು ಔಷಧ ಅಳತಿ ಮಾಡಿ ಅಗಲ ತಾಟಿನಾಗ ಸಾವಕಾಶ ಕಲಸಾಕತ್ತಿದ್ಳು. ಭಾಗಪ್ಪಗ ತಡೀಲಿಲ್ಲ.

"ಅವ್ವಿ, ಔಷಧ ಜರಾ ಹೆಚ್ಚಿಗಿ ಹಾಕು. ಲಗೂ ಗಟ್ಟಿ ಆಗ್ತದ."

"ಇದು ಸಾರಿನ ಖಾರ ಅಲ್ಲ ಅಂಕಲ್. ಹೆಚ್ಚಾದ್ರ ಹಸಿ ಉಳೀತದ. ಒಮ್ಮೆಲೇ ಭಾಳ ಕಲಸಿದ್ರ ಕಾದು ಹೊಗಿ ಬರ್ತದ."

ಆಕಿ ತೂತಿನ ಮ್ಯಾಲ ಹಾಸೋ ಬಟ್ಟಿ ಕತ್ತರಿಸಾಕ ಆ ಕಡಿ ತಿರುಗಿದ್ದೇ ತಡ, ನಮ್ಮ ಭಾಗಪ್ಪ ಬುತ್ತಿ ಜೋಡಿ ತಂದ ಸ್ಟೀಲ್ ಚೆಂಬಿನ ತುಂಬ ಎರಡೂ ಸುರಿದು ಚಮಚಾದಿಂದ ತಿರುವಿದ. ಐದು ಮಿನಿಟಿಗೆ ಚೆಂಬು ಕಾದು, ಹೊಗಿ ಎದ್ದು, ಕೈ ಚುರುಗುಟ್ಟಿ "ಎಪ್ಪಾ!" ಅಂತ ಒಗದ. ಚಮಚಾ ಚೆಂಬಿನಾಗ ನೆಟ್ಟಗ ನಿಂತಿತ್ತು. ಇವತ್ತಿಗೂ ನಿಂತದ, ರೇವಮ್ಮ ಅದನ್ನ ಬಾಗಿಲು ಬಡ್ಕೋಬಾರದು ಅಂತ ಅಡ್ಡ ಇಡ್ತಾಳ.

ಆಮ್ಯಾಲ ಆತನ್ನ ದೂರ ಕೂಡ್ರಿಸಿ ಅಪ್ಪ ಮಗಳೇ ಕೆಲಸ ಮುಗಿಸಿದ್ರು. ಗಾಜಿನ ನೂಲಿನ ಬಟ್ಟಿ ಎರಡು ಪದರ ಹಾಸಿ, ಇಪಾಕ್ಸಿ ಕುಡಿಸಿ, ಗಾಳಿಗುಳ್ಳಿ ಉಳೀದಂಗ ಒತ್ತಿ ಒತ್ತಿ ಸವರಿ, ಐತವಾರ ನೀರು ಹಚ್ಚಿದ ಉಸುಕು ಕಾಗದದಿಂದ ತಿಕ್ಕಿ ನುಣ್ಣಗ ಮಾಡಿದ್ರು. ತೂತು ಎಲ್ಲಿತ್ತು ಅಂತ ಕೈಗೆ ಗೊತ್ತಾಗಲಾರದಂಗ ಆತು. ಒಂದೇ ಐಬು. ಇಪಾಕ್ಸಿ ಕುಡದ ಬಟ್ಟಿ ಗಾಜಿನಂಗ ತಿಳಿಯಾಗಿ, ಒಳಗಿಂದ ಸಪ್ನಾ ಕೆಂಪಗ ಹೊಳೀತಿದ್ಳು.

ಸೋಮವಾರ ಬೆಂಗಳೂರಿನ ಸಾಹೇಬ್ರು ಬಂದ್ರು. ಬಿಳೀ ಅಂಗಿ, ಕಪ್ಪು ಕನ್ನಡಕ. ಬೋರ್ಡಿನ ಸುತ್ತ ಎರಡು ಸುತ್ತು ಹಾಕಿ ನಿಂತ್ರು.

"ಏನ್ರೀ ಇದು, ಸಪ್ನಾ?"

"ಕಂಪನಿ ಹೆಸರು ರೀ ಸಾಹೇಬ್ರ."

ಸಾಹೇಬ್ರು ಬರ್ಕೊಂಡ್ರು: ತಯಾರಕರು, ಸಪ್ನಾ. ಮಾಣಿಕಪ್ಪ ಕೆಮ್ಮಿದ್ರು.

"ಸರಿ, ನೀರಲ್ಲಿರೋ ಫೋಟೋ ಬೇಕು. ಜಿಪಿಎಸ್ ಸಮೇತ. ಮೇಲೆ ಯಾರಾದ್ರೂ ನಿಂತಿರ್ಬೇಕು."

ದೌಲಪ್ಪನ ಕೆಂಪು ಬಾಳಿ ತ್ವಾಟದಾಗ ಒಂದು ಕೃಷಿ ಹೊಂಡ ಅದ. ಅಲ್ಲಿಗೆ ಇಡೀ ಮೆರವಣಿಗಿ ಹೊಂಟಿತು. ಶಂಕ್ರಮ್ಮನೂ ಬಂದ್ಳು, ಈ ಸಲ ಖರೇನೇ ಹೋದ್ರ ನೋಡಿರಬೇಕು ಅಂತ. ಭಾಗಪ್ಪಗ ಈಜು ಬರಂಗಿಲ್ಲ. ನಡಕ್ಕ ಹಗ್ಗ ಕಟ್ಟಿ ಒಂದು ತುದಿ ದೌಲಪ್ಪನ ಕೈಗೆ ಕೊಟ್ಟು, ಬೋರ್ಡಿನ ಮ್ಯಾಲ ಹಲ್ಲಿ ಹಂಗ ಬೋರಲ ಬಿದ್ದ. ರೇವಮ್ಮ ಸೆರಗು ಕಚ್ಚಿ ನಿಂತಿದ್ಳು. ಬೋರ್ಡು ಮುಳುಗಲಿಲ್ಲ!

"ಅಲೆ ಇಲ್ವಲ್ರೀ?" ಅಂದ್ರು ಸಾಹೇಬ್ರು.

"ಈಗ ತರ್ತೀನ್ರಿ" ಅಂದ ದೌಲಪ್ಪ ಒಂದು ಬಾಳಿ ದಿಂಡು ಎತ್ತಿ ಧೊಪ್ಪಂತ ನೀರಿಗೆ ಒಗದ. ಅಲೆ ಬಂತು. ಭಾಗಪ್ಪ ಹೆದರಿ ಎದ್ದು ನಿಂತ, ಎರಡೂ ಕೈ ಚಾಚಿದ, ಕಣ್ಣು ಮುಚ್ಚಿದ. ಫೋಟೋ 'ಟಿಕ್' ಅಂತು. ಆಮ್ಯಾಲ ಬಿದ್ದ, ಅದರ ಫೋಟೋ ಯಾರೂ ತೆಗೀಲಿಲ್ಲ.

ಹಗ್ಗ ಹಿಡಿದು ಎಳೆದು ದಂಡಿಗೆ ಹಾಕಿದಾಗ ಸಾಹೇಬ್ರು ಕೈ ಕುಲುಕಿದ್ರು. "ಭೇಷ್! ವಿಭಾಗಕ್ಕೆ ಹನ್ನೆರಡು ಬೋರ್ಡು ಕೊಟ್ಟಿದ್ವಿ. ಹನ್ನೊಂದು ಒಡೆದು ಹೋಗಿವೆ, ಎಲ್ಲಾ ಕಡೆಯಿಂದಲೂ ಅಲೆಯ ಹೊಡೆತ ಅಂತ ವರದಿ. ನಿಮ್ಮದೊಂದೇ ನೆಟ್ಟಗಿರೋದು. ನಿಮ್ಮ ಬಡ್ತಿಗೆ ಇವತ್ತೇ ಬರೀತೀನಿ."

ಇಲ್ಲಿ ಬಾಯಿ ಮುಚ್ಚಿದ್ರ ಮುಗೀತಿತ್ತು. ರೇವಮ್ಮ ಬಾಳಿ ಗಿಡದ ಮರಿಗೆ ನಿಂತು ತುಟಿ ಮ್ಯಾಲ ಬೆರಳಿಟ್ಟು ಸನ್ನಿ ಮಾಡಿದ್ಳು. ಮಾಣಿಕಪ್ಪ ಸಾಹೇಬ್ರು ಭಾಗಪ್ಪನ ಕಾಲು ತುಳಿದ್ರು. ಆದ್ರ ಎಲುಬಿಲ್ಲದ ನಾಲಿಗಿ ನೋಡ್ರಿ. ತನ್ನ ಕೈಚಳಕದ ವಿಷಯ ಬಂತು ಅಂದ್ರ ಆತನ ಹೊಟ್ಯಾಗ ಮಾತು ನಿಂದ್ರಂಗಿಲ್ಲ.

"ನಮ್ಮದೂ ಒಡೆದಿತ್ತು ರೀ ಸಾಹೇಬ್ರ! ಇಷ್ಟು ದೊಡ್ಡ ತೂತು! ನಾನೇ ಖುದ್ದು ನಿಂತು ಜೋಡಿಸೀನಿ. ಎಲ್ಲಿ ಒಡೆದಿತ್ತು ತೋರಿಸ್ರಿ ನೋಡೋಣು!"

ಸಾಹೇಬ್ರು ಕನ್ನಡಕ ತೆಗೆದ್ರು. ಬೋರ್ಡು ಸವರಿದ್ರು. ಅವರ ಮುಖ ಅರಳಿತು. "ಎಕ್ಸಲೆಂಟ್ ಭಾಗಪ್ಪನವರೇ! ನಿಮ್ಮಂಥವರನ್ನೇ ಹುಡುಕ್ತಾ ಇದ್ದೆ."

ಎಂಟು ದಿನಕ್ಕ ಆರ್ಡರ್ ಬಂತು. ಬಡ್ತಿ ಕೊಟ್ಟಿದ್ರು. ಜೋಡಿ ಇದನ್ನೂ ಕೊಟ್ಟಿದ್ರು: ಸದರಿ ನೌಕರರ ವಿಶೇಷ ಪರಿಣತಿ ಗಮನಿಸಿ, ವಿಭಾಗೀಯ ಅಲೆ ಹಲಗೆ ದುರಸ್ತಿ ಕೇಂದ್ರವನ್ನು ಕಮಲಾಪುರದಲ್ಲಿಯೇ ಸ್ಥಾಪಿಸಿ, ಮುಂದಿನ ಆದೇಶದವರೆಗೆ ಅವರನ್ನು ಅಲ್ಲಿಂದ ಬಿಡುಗಡೆ ಮಾಡತಕ್ಕದ್ದಲ್ಲ.

ಆ ದಿನ ರೇವಮ್ಮ ಬೈಲಿಲ್ಲ. ರೊಟ್ಟಿ ಬಡಿದ್ಳು, ತಾಟಿಗೆ ನೀಡಿದ್ಳು. ಮಗಳ ಫೋನ್ ಬಂದಾಗ, "ಹಾಸ್ಟೆಲ್ ಬ್ಯಾಳಿಗೆ ಸ್ವಲ್ಪ ಉಪ್ಪು ಹಾಕ್ಕೊಂಡು ತಿನ್ನವ್ವಾ" ಅಂತ ಹೇಳಿ ಇಟ್ಳು. ಭಾಗಪ್ಪ ಅರ್ಧ ರೊಟ್ಟಿಗೇ ಕೈ ತೊಳೆದ.

ಮರುದಿನ ಲಾರಿ ಬಂತು. ಹನ್ನೊಂದು ತಾಲೂಕಿನ ಹನ್ನೊಂದು ಬೋರ್ಡು, ಒಂದೊಂದಕ್ಕೂ ಒಂದು ಚೀಟಿ. ಒಡೆದ ಕಾರಣ: ಅಲೆಯ ಹೊಡೆತ. ಭಾಗಪ್ಪ ಕಚೇರಿ ಅಂಗಳದಾಗ ಸಾಲಾಗಿ ಮಲಗಿಸಿ ನೋಡಿದ. ಎಲ್ಲಾ ತೂತೂ ನಡುವ, ಎಲ್ಲಾ ಒಂದೇ ಅಳತಿ. ಮೊದಲಿನದ್ರಾಗ ಬೆರಳು ಹಾಕಿದ, ಕುಂಕುಮ ಹತ್ತಿತು. ಎರಡನೇದ್ರಾಗ ಕಾಯಿ ಜುಟ್ಟಿನ ನಾರು. ಮೂರನೇದ್ರಾಗ ಅರ್ಧ ಸುಟ್ಟ ಊದುಬತ್ತಿ. ಕಡೀದ್ರಾಗ ಕಾಯಿನೇ ಕುಂತಿತ್ತು, ಕೀಳಾಕ ಬಂದಿಲ್ಲ ಅಂತ ಹಂಗೇ ಕಳಿಸಿದ್ರು.

ಮಾಣಿಕಪ್ಪ ಸಾಹೇಬ್ರು ಬಗ್ಗಿ ನೋಡಿ, "ಭಾರೀ ಅಲೆ ಬಂದಾವಪ್ಪ" ಅಂತ ಒಳಗ ಹೋದ್ರು.

ಅಷ್ಟರಾಗ ರೇವಮ್ಮ ಬಂದ್ಳು. ಕಂಕಳಾಗ ಹಸಿರು ಪರದೆ. ಒಂದೊಂದೇ ಬಿಚ್ಚಿ, ಝಾಡಿಸಿ, ಧೂಳು ಬೀಳದಂಗ ಬೋರ್ಡುಗಳ ಮ್ಯಾಲ ಹೊಚ್ಚಿದ್ಳು. ಕಿಡಕ್ಯಾಗ ಹಾರಬೇಕಾದ ನವಿಲುಗಳು ಅಲ್ಲೇ ಮಲಗಿದವು. ಕಡೀ ಬೋರ್ಡಿನ ಹತ್ರ ನಿಂತು, ಕಾಯಿ ನೋಡಿದ್ಳು, ಗಂಡನ ಮುಖ ನೋಡಿದ್ಳು. ಎರಡೂ ಕೈಲೇ ಹಿಡಿದು ಕಿತ್ತಿ, ಹೊರಗ ಕಲ್ಲಿಗೆ ಹೋಗಿ ಒಂದೇ ಏಟು ಹಾಕಿದ್ಳು.

ಎರಡು ಹೋಳು. ಕೂದಲೆಳಿ ಫರಕಿರಲಿಲ್ಲ.

"ಬರೋ ವರ್ಷ ಖಂಡೆ ಪೂಜಿಗೆ ಕಾಯಿ ನಾ ಒಡೀತೀನಿ" ಅಂದ್ಳು ರೇವಮ್ಮ. "ನೀವು ಕೈ ಕಟ್ಕೊಂಡು ಸುಮ್ಮನ ನಿಂದರ್ರಿ."

ಭಾಗಪ್ಪ ಅವತ್ತಿಂದಲೇ ಕಟ್ಕೊಂಡ.